ಒಂದೇ ಕ್ಲಿನಿಕ್, ನಾಲ್ವರು ಫಿಜಿಷಿಯನ್‌ಗಳು: ನಿಮ್ಮ ಫೈಲು ಯಾರ ಕೈಯಲ್ಲಿರಬೇಕು?

ಮೂವರು ನಾಲ್ವರು ಫಿಜಿಷಿಯನ್‌ಗಳು ಸೇರಿ ನಡೆಸುವ ಚಿಕ್ಕ ಕ್ಲಿನಿಕ್ಕಿನಲ್ಲಿ ಮೊದಲ ಸಲ ಹೆಸರು ಬರೆಸುವವರಿಗೆ ಎದುರಾಗುವ ಪ್ರಶ್ನೆ, "ಯಾವ ಡಾಕ್ಟರನ್ನು ನೋಡುತ್ತೀರಿ?" ಎಲ್ಲರ ಹೆಸರಿನ ಮುಂದೆಯೂ ಹೆಚ್ಚುಕಡಿಮೆ ಅದೇ ಪದವಿ ಇರುತ್ತದೆ. ಹೀಗಾಗಿ ಕೆಲವರು ಯಾರ ಸರದಿ ಬೇಗ ಸಿಗುತ್ತದೋ ಅವರನ್ನು ಒಪ್ಪಿಕೊಳ್ಳುತ್ತಾರೆ, ಇನ್ನು ಕೆಲವರು ಹಿರಿಯರೇ ಆಗಬೇಕೆಂದು ಹಟ ಹಿಡಿಯುತ್ತಾರೆ. ನೆಗಡಿ, ಜ್ವರಕ್ಕಾದರೆ ಎರಡೂ ನಡೆದೀತು. ರಕ್ತದೊತ್ತಡ, ಮಧುಮೇಹ, ಥೈರಾಯ್ಡ್, ಆಸ್ತಮಾದಂತೆ ವರ್ಷಗಟ್ಟಲೆ ಜೊತೆಗಿರುವ ಕಾಯಿಲೆಗೆ ವೈದ್ಯರನ್ನು ಹುಡುಕುತ್ತಿರುವವರು ಮಾತ್ರ ಈ ಪ್ರಶ್ನೆಗೆ ಸ್ವಲ್ಪ ಯೋಚಿಸಿ ಉತ್ತರ ಕೊಡುವುದು ಒಳ್ಳೆಯದು. ಏಕೆಂದರೆ ಆ ದಿನ ಯಾರ ಹೆಸರಿನಲ್ಲಿ ಫೈಲು ತೆರೆಯುತ್ತದೋ ಬಹುಮಟ್ಟಿಗೆ ಮುಂದೆಯೂ ಅವರ ಹತ್ತಿರವೇ ಉಳಿಯುತ್ತದೆ.

ಫಿಜಿಷಿಯನ್‌ಗಳು ಮೂಲ ವೈದ್ಯಕೀಯ ಪದವಿಯ ಮೇಲೆ ಸಾಮಾನ್ಯವಾಗಿ 3 ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ವಯಸ್ಕರ ಕಾಯಿಲೆಗಳಲ್ಲಿಯೇ ತರಬೇತಿ ಪಡೆದವರು. ಶಸ್ತ್ರಚಿಕಿತ್ಸೆ, ಹೆರಿಗೆ, ಮಕ್ಕಳ ಚಿಕಿತ್ಸೆ ಅವರ ಕ್ಷೇತ್ರವಲ್ಲ. ಹೃದಯ, ಮೂತ್ರಪಿಂಡ, ಯಕೃತ್ತು, ಶ್ವಾಸಕೋಶ, ಗ್ರಂಥಿಗಳು ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕೆಟ್ಟಾಗ ಒಂದರ ಔಷಧಿ ಇನ್ನೊಂದಕ್ಕೆ ತೊಂದರೆ ಕೊಡದಂತೆ ಎಲ್ಲವನ್ನೂ ಕೂಡಿಸಿ ನೋಡುವುದು ಅವರ ಕಸುಬಿನ ತಿರುಳು. ಇಲ್ಲಿ ಹೇಳಿರುವುದೆಲ್ಲ ಆ ಬಗೆಯ, ಅವಸರವಿಲ್ಲದ ಆರೈಕೆಗೆ ಸಂಬಂಧಿಸಿದ್ದು. ಎದೆ ಹಿಂಡಿದಂತಹ ನೋವು, ಇದ್ದಕ್ಕಿದ್ದಂತೆ ಒಂದು ಕೈಕಾಲಿನ ಬಲ ಹೋಗುವುದು, ಮಾತು ತೊದಲುವುದು, ಉಸಿರು ಸಿಕ್ಕದಿರುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಯಾವ ಡಾಕ್ಟರೆಂಬ ಆಯ್ಕೆಯೇ ಇಲ್ಲ, ನೇರವಾಗಿ ತುರ್ತು ಚಿಕಿತ್ಸೆಯಿರುವ ಆಸ್ಪತ್ರೆಗೆ ಹೋಗಬೇಕು.

ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗ ಬಿಟ್ಟು ಚಿಕ್ಕ ಕ್ಲಿನಿಕ್ಕಿಗೆ ಹೋಗುವುದು ಸರಿಯೇ ಎಂಬ ಅಳುಕು ಕೆಲವರಿಗಿದೆ. ಅಮೆರಿಕದಲ್ಲಿ 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಬ್ಬರು ಅಥವಾ ಇಬ್ಬರು ವೈದ್ಯರಿರುವ ಪ್ರಾಥಮಿಕ ಆರೈಕೆಯ ಕ್ಲಿನಿಕ್ಕುಗಳ ರೋಗಿಗಳು, 10ರಿಂದ 19 ವೈದ್ಯರಿರುವ ಕ್ಲಿನಿಕ್ಕುಗಳ ರೋಗಿಗಳಿಗಿಂತ, ತಡೆಯಬಹುದಾಗಿದ್ದ ಕಾರಣಗಳಿಗಾಗಿ ಆಸ್ಪತ್ರೆ ಸೇರಿದ್ದು ಶೇ. 33ರಷ್ಟು ಕಡಿಮೆ ಎಂದು ಕಂಡುಬಂತು. ಒಂದು ದೇಶದ ಒಂದು ಅಧ್ಯಯನದಿಂದ ಎಲ್ಲೆಡೆಗೂ ನಿಯಮ ಮಾಡಲಾಗದು, ಆದರೂ ಚಿಕ್ಕದು ಎಂಬ ಕಾರಣಕ್ಕೆ ಕೀಳೆಂದು ತಿಳಿಯಬೇಕಾಗಿಲ್ಲ ಎನ್ನುವಷ್ಟಕ್ಕೆ ಅದು ಸಾಕು. ಚಿಕ್ಕ ಕ್ಲಿನಿಕ್ಕಿನ ನಿಜವಾದ ತೊಡಕು ಬೇರೆ: ಅಲ್ಲಿ ಒಬ್ಬ ವೈದ್ಯರ ಗುಣವನ್ನೂ ಕೊರತೆಯನ್ನೂ ಮುಚ್ಚುವಷ್ಟು ದೊಡ್ಡ ವ್ಯವಸ್ಥೆ ಇರುವುದಿಲ್ಲವಾದ್ದರಿಂದ ಯಾರನ್ನು ಆರಿಸಿಕೊಂಡಿರಿ ಎಂಬುದರ ಪರಿಣಾಮ ನೇರವಾಗಿ ನಿಮಗೆ ತಟ್ಟುತ್ತದೆ.

ಅಳೆಯುವುದು ಯಾವುದರಿಂದ?

ಮೊದಲನೆಯ ಮಾನದಂಡ ನಿರಂತರತೆ, ಅಂದರೆ ಪ್ರತಿ ಸಲವೂ ಅದೇ ವೈದ್ಯರು ಸಿಗುವ ಸಾಧ್ಯತೆ. ಹಲವರು ಇದನ್ನು ಅನುಕೂಲದ ವಿಷಯವೆಂದು ಮಾತ್ರ ಭಾವಿಸುತ್ತಾರೆ. ಒಂಬತ್ತು ದೇಶಗಳ 22 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ, 18 ಅಧ್ಯಯನಗಳು ಒಬ್ಬರೇ ವೈದ್ಯರ ನಿರಂತರ ಆರೈಕೆಗೂ ಕಡಿಮೆ ಮರಣಪ್ರಮಾಣಕ್ಕೂ ನಂಟಿರುವುದನ್ನು ತೋರಿಸಿದ್ದವು. ನಾರ್ವೆಯ ನೋಂದಣಿ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ, ಒಬ್ಬರೇ ಕುಟುಂಬ ವೈದ್ಯರ ಬಳಿ 15 ವರ್ಷಕ್ಕಿಂತ ಹೆಚ್ಚು ಕಾಲ ಇದ್ದವರಲ್ಲಿ, ಒಂದೇ ವರ್ಷ ಇದ್ದವರಿಗೆ ಹೋಲಿಸಿದರೆ, ತುರ್ತಾಗಿ ಆಸ್ಪತ್ರೆ ಸೇರುವ ಸಾಧ್ಯತೆ ಶೇ. 28ರಷ್ಟೂ ಸಾವಿನ ಸಾಧ್ಯತೆ ಶೇ. 25ರಷ್ಟೂ ಕಡಿಮೆಯಿತ್ತು. ಇವು ನಂಟನ್ನು ತೋರಿಸುವ ಅಧ್ಯಯನಗಳೇ ಹೊರತು ಕಾರಣವನ್ನು ಸಾಬೀತುಪಡಿಸುವಂಥವಲ್ಲ ಎಂಬ ಎಚ್ಚರಿಕೆಯನ್ನು ಇಟ್ಟುಕೊಂಡರೂ, ಕಾರಣ ಏನಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಒಂದು ಉದಾಹರಣೆ ನೋಡಿ. ರಕ್ತದೊತ್ತಡಕ್ಕೆ ಬರೆಯುವ ಆಮ್ಲೋಡಿಪಿನ್ ಮಾತ್ರೆಯಿಂದ ಕೆಲವರಿಗೆ ಪಾದದ ಗಂಟು ಊದುತ್ತದೆ. ಮಾತ್ರೆ ಶುರುಮಾಡಿದವರೇ ಮತ್ತೆ ನೋಡಿದರೆ ಪ್ರಮಾಣ ಇಳಿಸುತ್ತಾರೆ ಅಥವಾ ಮಾತ್ರೆ ಬದಲಿಸುತ್ತಾರೆ. ಹೊಸಬರೊಬ್ಬರು ಅವಸರದಲ್ಲಿ ನೋಡಿದರೆ ಊತವನ್ನು ಹೊಸ ತೊಂದರೆಯೆಂದು ತಿಳಿದು ಮೂತ್ರ ಹೆಚ್ಚಿಸುವ ಮಾತ್ರೆ ಬರೆಯುವ ಸಂಭವವಿದೆ. ಆ ಮಾತ್ರೆಯಿಂದ ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಇಳಿದು ಸುಸ್ತು, ತಲೆಸುತ್ತು ಬಂದರೆ ಮೂರನೆಯವರು ಅದಕ್ಕೊಂದು ಔಷಧಿ ಬರೆಯುತ್ತಾರೆ. ಇದರಲ್ಲಿ ಯಾವ ವೈದ್ಯರೂ ದಡ್ಡರಲ್ಲ; ಕಥೆಯ ಮೊದಲ ಅಧ್ಯಾಯ ಗೊತ್ತಿದ್ದವರು ಒಬ್ಬರೂ ಕೊಠಡಿಯಲ್ಲಿರಲಿಲ್ಲ, ಅಷ್ಟೇ.

ಎರಡನೆಯದು ಕೇಳಿಸಿಕೊಳ್ಳುವ ವ್ಯವಧಾನ. 1975ರಲ್ಲಿ ಬ್ರಿಟನ್ನಿನಲ್ಲಿ 80 ಹೊಸ ಹೊರರೋಗಿಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ, 66 ಮಂದಿಯ ವಿಷಯದಲ್ಲಿ ಕಳಿಸಿದ ವೈದ್ಯರ ಪತ್ರವನ್ನು ಓದಿ ರೋಗಿ ಹೇಳಿದ್ದನ್ನು ಕೇಳಿದ ಮೇಲೆ ಮಾಡಿದ ನಿರ್ಣಯವೇ ಕೊನೆಗೂ ಸರಿಯೆಂದು ನಿಂತಿತು. ದೇಹ ಪರೀಕ್ಷೆಯಿಂದ ನಿರ್ಣಯ ಬದಲಾದದ್ದು 7 ಮಂದಿಯಲ್ಲಿ, ಪ್ರಯೋಗಾಲಯದ ಪರೀಕ್ಷೆಗಳಿಂದ ಬದಲಾದದ್ದು ಇನ್ನು 7 ಮಂದಿಯಲ್ಲಿ. ಸ್ಕ್ಯಾನಿಂಗ್ ಇಷ್ಟು ಬೆಳೆದಿರುವ ಇಂದು ಆ ಅಂಕಿಗಳು ಹಾಗೆಯೇ ಉಳಿದಿರಲಾರವು, ಆದರೆ ಯಾವ ಸ್ಕ್ಯಾನ್ ಬೇಕೆಂದು ಹೇಳುವುದೂ ರೋಗಿಯ ಮಾತೇ. ಹೀಗಿದ್ದರೂ 1984ರ ಪ್ರಸಿದ್ಧ ಅಧ್ಯಯನವೊಂದರಲ್ಲಿ ವೈದ್ಯರು ಸರಾಸರಿ 18 ಸೆಕೆಂಡಿಗೆಲ್ಲ ರೋಗಿಯ ಮೊದಲ ಮಾತಿಗೆ ಅಡ್ಡ ಬಂದಿದ್ದರು. ತಾನು ರೋಗಿ ಕೇಂದ್ರಿತ ಎಂದು ಹೇಳಿಕೊಳ್ಳುವ ಕ್ಲಿನಿಕ್ಕು ಆ ಹೇಳಿಕೆಗೆ ಎಷ್ಟು ಅರ್ಹ ಎಂಬುದು ಗೋಡೆಯ ಫಲಕದಲ್ಲಿ ತಿಳಿಯುವುದಿಲ್ಲ; ಆ ಮೊದಲ ಒಂದೆರಡು ನಿಮಿಷದಲ್ಲಿ ತಿಳಿಯುತ್ತದೆ.

ಉಳಿದ ಮಾನದಂಡಗಳನ್ನು ಬೇಗ ಹೇಳಬಹುದು. ವೈದ್ಯರ ಅನುಭವಕ್ಕೂ ನಿಮ್ಮ ಕಾಯಿಲೆಗೂ ಹೊಂದಿಕೆ ಇರಬೇಕು. ನಿರ್ಧಾರದಲ್ಲಿ ನಿಮ್ಮನ್ನು ಸೇರಿಸಿಕೊಳ್ಳುವ, ಬೇಡದ ಪರೀಕ್ಷೆ ಮತ್ತು ಮಾತ್ರೆಗಳನ್ನು ತಡೆಯುವ ಸ್ವಭಾವ ಬೇಕು. ಬೇರೆ ತಜ್ಞರ ಬಳಿಗೆ ಕಳಿಸಿದರೆ ಅವರ ವರದಿಯನ್ನು ತರಿಸಿ ಓದಿ ಮುಂದಿನ ದಾರಿ ಹೇಳುವ ಹೊಣೆ ಹೊರಬೇಕು. ಕೊನೆಯದಾಗಿ ಖರ್ಚು, ಅದೂ ಒಂದು ಭೇಟಿಯದಲ್ಲ, ಇಡೀ ವರ್ಷದ್ದು. ಇವೆಲ್ಲಕ್ಕೂ ಸಮಾನ ತೂಕ ಕೊಡಲು ನಾನು ಸಿದ್ಧನಿಲ್ಲ. ನಿರಂತರತೆ ಮತ್ತು ಕೇಳಿಸಿಕೊಳ್ಳುವಿಕೆ ಇಲ್ಲದೆ ಉಳಿದವು ಹೆಚ್ಚು ಕೆಲಸಕ್ಕೆ ಬರುವುದಿಲ್ಲ ಎಂಬುದು ನನ್ನ ಎಣಿಕೆ. ಹೊರಗೆ ಕಾಯುವವರ ಗುಂಪು, ಗೋಡೆಯ ಮೇಲಿನ ಪ್ರಮಾಣಪತ್ರಗಳ ಸಂಖ್ಯೆ, ಅಂತರ್ಜಾಲದ ನಕ್ಷತ್ರಗಳು ಇವನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಗುಂಪು ಜನಪ್ರಿಯತೆಯ ಗುರುತಾಗಿರುವಷ್ಟೇ ಸಮಯ ಪಾಲನೆಯಿಲ್ಲದ್ದರ ಗುರುತೂ ಆಗಿರಬಹುದು.

ಕ್ಲಿನಿಕ್ಕನ್ನು ಕಟ್ಟಿದ ಹಿರಿಯರು

ಬಹುತೇಕ ಚಿಕ್ಕ ಕ್ಲಿನಿಕ್ಕುಗಳಿಗೆ ಒಬ್ಬ ಹಿರಿಯರ ಹೆಸರೇ ಬಂಡವಾಳ. ಮೂವತ್ತು ನಲವತ್ತು ವರ್ಷ ರೋಗಿಗಳನ್ನು ನೋಡಿದವರಲ್ಲಿ ಪುಸ್ತಕದಿಂದ ಬಾರದ ಒಂದು ಶಕ್ತಿಯಿರುತ್ತದೆ: ಬಾಗಿಲಿನಿಂದ ಕುರ್ಚಿಗೆ ಬಂದು ಕೂರುವಷ್ಟರಲ್ಲಿ ನಿಮ್ಮ ನಡಿಗೆ, ಉಸಿರು, ಮುಖದ ಬಣ್ಣ ನೋಡಿ ಅರ್ಧ ವಿಷಯ ಗ್ರಹಿಸುತ್ತಾರೆ. ಏನೂ ಮಾಡದೆ ಎರಡು ವಾರ ಕಾದು ನೋಡೋಣ ಎನ್ನುವ ಧೈರ್ಯವೂ ಅವರಿಗೇ ಹೆಚ್ಚು, ಅದರಿಂದ ಪರೀಕ್ಷೆಗಳ ಖರ್ಚು ಉಳಿಯುತ್ತದೆ. ನಿಮ್ಮ ತಂದೆತಾಯಿಯರ ಕಾಯಿಲೆಯನ್ನೂ ಅವರೇ ನೋಡಿದ್ದರೆ ಮನೆತನದಲ್ಲಿ ಏನು ಬರುತ್ತದೆಂದು ಕೇಳಿ ತಿಳಿಯುವ ಅಗತ್ಯವಿಲ್ಲ.

ಆದರೆ ಹಿರಿತನವನ್ನು ಗುಣಮಟ್ಟದ ಖಾತರಿಯೆಂದು ತಿಳಿಯಲು ಆಧಾರ ಕಡಿಮೆ. ವೃತ್ತಿಯ ವರ್ಷಗಳಿಗೂ ಆರೈಕೆಯ ಗುಣಮಟ್ಟಕ್ಕೂ ಇರುವ ಸಂಬಂಧದ ಕುರಿತ ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಅರ್ಧಕ್ಕಿಂತ ಹೆಚ್ಚು ಅಧ್ಯಯನಗಳು ವರ್ಷ ಹೆಚ್ಚಿದಂತೆ ಹೊಸ ಜ್ಞಾನ ಮತ್ತು ಶಿಫಾರಸುಗಳ ಪಾಲನೆ ಇಳಿಮುಖವಾಗುವುದನ್ನು ಕಂಡಿದ್ದವು. 2017ರಲ್ಲಿ ಅಮೆರಿಕದ ಆಸ್ಪತ್ರೆಗಳ ಹಿರಿಯ ವಯಸ್ಸಿನ ರೋಗಿಗಳ ಕುರಿತು ಪ್ರಕಟವಾದ ಅಧ್ಯಯನವೂ ಹೆಚ್ಚು ವಯಸ್ಸಿನ ವೈದ್ಯರ ರೋಗಿಗಳಲ್ಲಿ ಮರಣಪ್ರಮಾಣ ಸ್ವಲ್ಪ ಹೆಚ್ಚಿರುವುದನ್ನು ಗುರುತಿಸಿತು. ವಿಶೇಷವೆಂದರೆ ತುಂಬಾ ರೋಗಿಗಳನ್ನು ನೋಡುತ್ತಲೇ ಇದ್ದ ವೈದ್ಯರಲ್ಲಿ ವಯಸ್ಸಿನ ಈ ವ್ಯತ್ಯಾಸ ಕಾಣಲಿಲ್ಲ. ಆಸ್ಪತ್ರೆಯ ಅಂಕಿಗಳನ್ನು ಕ್ಲಿನಿಕ್ಕಿಗೆ ಹಾಗೆಯೇ ಅನ್ವಯಿಸಲಾಗದಿದ್ದರೂ ಒಂದು ಪ್ರಶ್ನೆಯನ್ನು ಅವು ಕಲಿಸುತ್ತವೆ: ಈ ಹಿರಿಯರು ಇಂದಿಗೂ ಪೂರ್ಣವಾಗಿ ಕೆಲಸದಲ್ಲಿ ತೊಡಗಿದ್ದಾರೆಯೇ, ಅಥವಾ ವಾರಕ್ಕೆ ಎರಡು ದಿನ ಹಳೆಯ ಪರಿಚಯಸ್ಥರನ್ನು ನೋಡಲು ಬರುತ್ತಾರೆಯೇ?

ನಿರಂತರತೆಯ ಅಳತೆಯಲ್ಲಿ ಹಿರಿಯರದು ವಿಚಿತ್ರ ಸ್ಥಿತಿ. ಹಿಂದಿನ ಮೂವತ್ತು ವರ್ಷ ಅವರ ಬಳಿಯಿದ್ದವರಿಗೆ ಅವರಷ್ಟು ನಿರಂತರ ಯಾರೂ ಇಲ್ಲ, ಇಂದು ಹೊಸದಾಗಿ ಸೇರುವ ನಲವತ್ತರ ಪ್ರಾಯದವರಿಗೆ ಅವರಷ್ಟು ಅನಿಶ್ಚಿತರೂ ಇಲ್ಲ. ಹೀಗಾಗಿ ಹೊಸಬರಿಗೆ ನನ್ನ ಸಲಹೆ: ತಿಂಗಳುಗಟ್ಟಲೆ ಕಾರಣ ತಿಳಿಯದ ಜ್ವರ, ತೂಕ ಇಳಿಯುವಿಕೆ, ಅಸ್ಪಷ್ಟ ಸುಸ್ತು ಇಂತಹವುಗಳಿಗೆ ಅವರನ್ನು ಒಂದೆರಡು ಸಲ ನೋಡಿ, ಆದರೆ ದೀರ್ಘಕಾಲದ ಫೈಲನ್ನು ಬೇರೊಬ್ಬರ ಹೆಸರಿನಲ್ಲಿ ತೆರೆಯಿರಿ. ಈಗಾಗಲೇ ಅವರ ಬಳಿಯೇ ಇರುವವರು ಬದಲಿಸಬೇಕಾದ್ದಿಲ್ಲ. ಆದರೆ ಅವರು ನಿವೃತ್ತರಾದರೆ ಫೈಲನ್ನು ಯಾರು ಮುಂದುವರಿಸುತ್ತಾರೆಂದು ಅವರನ್ನೇ ಕೇಳಿ, ಅವರಿರುವಾಗಲೇ ಆ ಇನ್ನೊಬ್ಬರನ್ನು ಒಂದೆರಡು ಬಾರಿ ಕಂಡಿರುವುದು ಜಾಣತನ.

ನಡುಪ್ರಾಯದ, ಪೂರ್ಣಕಾಲದ ಫಿಜಿಷಿಯನ್

ಹತ್ತಿಪ್ಪತ್ತು ವರ್ಷ ಅನುಭವವಿದ್ದು ವಾರದ ಹೆಚ್ಚಿನ ದಿನಗಳಲ್ಲಿ ಅದೇ ಕ್ಲಿನಿಕ್ಕಿನಲ್ಲಿ ಸಿಗುವವರು ದೀರ್ಘಕಾಲದ ಕಾಯಿಲೆಯವರಿಗೆ ಸಹಜವಾದ ಆಯ್ಕೆ. ಇದಕ್ಕೆ ಕಾರಣ ಅವರ ಪ್ರತಿಭೆ ಎನ್ನುವುದಕ್ಕಿಂತ ದೀರ್ಘಕಾಲದ ಕಾಯಿಲೆಗಳ ಲಯ. ಥೈರಾಯ್ಡ್ ಮಾತ್ರೆಯ ಪ್ರಮಾಣ ಬದಲಿಸಿದರೆ ಆ ಗ್ರಂಥಿಯ ಕೆಲಸವನ್ನು ಅಳೆಯುವ ಟಿಎಸ್‌ಎಚ್ ಪರೀಕ್ಷೆಯನ್ನು ಮತ್ತೆ ಮಾಡಬೇಕಾದ್ದು 6ರಿಂದ 8 ವಾರದ ನಂತರ. ಎಚ್‌ಬಿಎ1ಸಿ ಎಂಬ ರಕ್ತಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ಹೇಳುವುದರಿಂದ ಹೊಸ ಮಾತ್ರೆ ಕೆಲಸ ಮಾಡಿತೇ ಎಂದು ತಿಳಿಯಲು ಅಷ್ಟು ಕಾಲ ಬೇಕು. ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ಶುರುಮಾಡಿದ ಒಂದೆರಡು ವಾರದಲ್ಲಿ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸದ ಅಳತೆ) ಮತ್ತು ಪೊಟ್ಯಾಸಿಯಂ ನೋಡಬೇಕಾಗುತ್ತದೆ. ಬದಲಾವಣೆ ಮಾಡಿದವರೇ ಫಲಿತಾಂಶ ಬಂದ ದಿನವೂ ಕುರ್ಚಿಯಲ್ಲಿರಬೇಕೆಂದರೆ ವಾರಕ್ಕೊಮ್ಮೆ ಬರುವವರಿಗಿಂತ ದಿನವೂ ಬರುವವರು ಮೇಲು.

ಅವರ ತೊಂದರೆ ಎಂದರೆ ಜಾಗ. ಒಳ್ಳೆಯ ಹೆಸರಿರುವ ನಡುಪ್ರಾಯದ ವೈದ್ಯರ ಪಟ್ಟಿ ಬೇಗ ತುಂಬುತ್ತದೆ, ಹೊಸಬರಿಗೆ ವಾರಗಟ್ಟಲೆ ಕಾಯುವ ಸ್ಥಿತಿ ಬರುತ್ತದೆ, ಬಂದ ದಿನವೂ ಸಮಯ ಬಿಗಿಯಾಗಿರುತ್ತದೆ. ಇಲ್ಲಿ ವಿಚಾರಿಸಬೇಕಾದ್ದು ಎರಡು: ಇದ್ದಕ್ಕಿದ್ದಂತೆ ಹುಷಾರು ತಪ್ಪಿದರೆ ಅದೇ ದಿನಕ್ಕೆಂದು ಕಾದಿರಿಸಿದ ಸರದಿಗಳಿವೆಯೇ, ಮತ್ತು ಅವರಿಲ್ಲದಾಗ ನೋಡುವವರು ನಿಮ್ಮ ಫೈಲನ್ನು ತೆರೆದು ಓದಿ ನೋಡುತ್ತಾರೆಯೇ. ಎರಡನೆಯದಕ್ಕೆ ಸ್ಪಷ್ಟ ಉತ್ತರ ಬಾರದಿದ್ದರೆ ಆ ಕ್ಲಿನಿಕ್ಕಿನಲ್ಲಿ ನಾಲ್ವರು ವೈದ್ಯರಿರುವುದರಿಂದ ನಿಮಗೆ ಹೆಚ್ಚಿನ ಲಾಭವಿಲ್ಲ. ಒಂದೇ ಛಾವಣಿಯಡಿ ನಾಲ್ಕು ಬೇರೆ ಬೇರೆ ಕ್ಲಿನಿಕ್ಕುಗಳಿವೆ ಎಂದಷ್ಟೇ ಅರ್ಥ.

ಹೊಸದಾಗಿ ಸೇರಿದ ಕಿರಿಯರು

ಕಿರಿಯ ವೈದ್ಯರ ಬಗ್ಗೆ ರೋಗಿಗಳಲ್ಲಿರುವ ಸಂಶಯ ನನಗೆ ಸ್ವಲ್ಪ ಅನ್ಯಾಯವೆನಿಸುತ್ತದೆ. ಕೆಲವೇ ವರ್ಷಗಳ ಹಿಂದೆ ದೊಡ್ಡ ಆಸ್ಪತ್ರೆಯ ವಾರ್ಡುಗಳಲ್ಲಿ ರಾತ್ರಿ ಹಗಲು ಕೆಲಸ ಮಾಡಿ ಬಂದ ಅವರಿಗೆ ಇತ್ತೀಚಿನ ಶಿಫಾರಸುಗಳು ಕರಗತವಾಗಿರುತ್ತವೆ. ಅದಕ್ಕಿಂತ ಮುಖ್ಯವಾಗಿ, ಅವರ ಪಟ್ಟಿ ಇನ್ನೂ ತುಂಬಿಲ್ಲದ ಕಾರಣ ಮೊದಲ ಭೇಟಿಗೆ ಅರ್ಧ ಗಂಟೆ ಕೊಡಬಲ್ಲವರು ಬಹುಶಃ ಆ ಕ್ಲಿನಿಕ್ಕಿನಲ್ಲಿ ಅವರೊಬ್ಬರೇ. ಹಳೆಯ ರಿಪೋರ್ಟುಗಳ ಕಟ್ಟನ್ನು ಮೊದಲಿನಿಂದ ಕೊನೆಯವರೆಗೆ ಓದುವ ವ್ಯವಧಾನವೂ ಅವರಿಗೇ. ಮೂವತ್ತೈದರ ವಯಸ್ಸಿನಲ್ಲಿ ರಕ್ತದೊತ್ತಡ ಕಾಣಿಸಿಕೊಂಡವರು ತಮಗೆ ಇನ್ನು ಮೂವತ್ತು ವರ್ಷ ಒಬ್ಬ ಫಿಜಿಷಿಯನ್ ಬೇಕೆಂದು ಲೆಕ್ಕ ಹಾಕಿದರೆ ತಮ್ಮ ವಯಸ್ಸಿನ ಆಸುಪಾಸಿನವರನ್ನೇ ಆರಿಸುವುದು ಸಮಂಜಸ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಅನುಮಾನವನ್ನು ಹಾಗೆಯೇ ಬಿಟ್ಟು ಕಾಯುವ ಅಭ್ಯಾಸ ಕಡಿಮೆಯಿರುವುದರಿಂದ ಪರೀಕ್ಷೆಗಳು ಹೆಚ್ಚಾಗಬಹುದು. ಎರಡು ಮೂರು ವರ್ಷದಲ್ಲಿ ಹೆಚ್ಚಿನ ತರಬೇತಿಗೋ ಬೇರೆ ಊರಿಗೋ ಹೊರಟುಹೋಗುವ ಸಾಧ್ಯತೆ ಇನ್ನೂ ದೊಡ್ಡದು. ಕೇಳುವುದಕ್ಕೆ ಸಂಕೋಚವೆನಿಸಿದರೂ "ನೀವು ಇಲ್ಲಿಯೇ ಮುಂದುವರಿಯುತ್ತೀರಾ?" ಎಂಬ ಪ್ರಶ್ನೆಯನ್ನು ನಯವಾಗಿ ಕೇಳಬಹುದು, ಪ್ರಾಮಾಣಿಕರು ನೇರವಾಗಿಯೇ ಹೇಳುತ್ತಾರೆ. ಇನ್ನೊಂದು ಒಳ್ಳೆಯ ಗುರುತು, ತಮಗೆ ತಿಳಿಯದ್ದನ್ನು ಪಕ್ಕದ ಕೊಠಡಿಯ ಹಿರಿಯರಲ್ಲಿ ನಿಮ್ಮ ಮುಂದೆಯೇ ವಿಚಾರಿಸಿ ಬರುವ ನಿಗರ್ವ. ಚಿಕ್ಕ ಕ್ಲಿನಿಕ್ಕಿನ ಕಿರಿಯ ವೈದ್ಯರನ್ನು ಆರಿಸಿಕೊಳ್ಳುವುದರ ಅರ್ಧ ಲಾಭ ಇರುವುದೇ ಅದರಲ್ಲಿ.

ಒಂದು ಕಾಯಿಲೆಯ ಕಡೆ ಒಲವುಳ್ಳವರು

ಕೆಲವು ಫಿಜಿಷಿಯನ್‌ಗಳು ಮಧುಮೇಹ, ಹೃದಯದ ತೊಂದರೆ, ವೃದ್ಧಾಪ್ಯದ ಕಾಯಿಲೆ ಹೀಗೆ ಒಂದರಲ್ಲಿ ಹೆಚ್ಚಿನ ಕಲಿಕೆ ಮಾಡಿಕೊಂಡಿರುತ್ತಾರೆ. ಈ ಕಲಿಕೆ ಎಷ್ಟು ಆಳದ್ದೆಂದು ಮೊದಲು ತಿಳಿಯಬೇಕು. ಪೂರ್ಣಾವಧಿಯ ಉನ್ನತ ತರಬೇತಿಗೂ ಕೆಲವು ತಿಂಗಳ ಪ್ರಮಾಣಪತ್ರದ ಕೋರ್ಸಿಗೂ ಬಹಳ ಅಂತರವಿದೆ, ಫಲಕದಲ್ಲಿ ಎರಡೂ ಒಂದೇ ರೀತಿ ಹೊಳೆಯುತ್ತವೆ. ನಿಮ್ಮ ತೊಂದರೆಗಳಲ್ಲಿ ಒಂದೇ ಕಾಯಿಲೆ ಮೇಲುಗೈ ಪಡೆದಿದ್ದರೆ, ಉದಾಹರಣೆಗೆ ಇನ್ಸುಲಿನ್‌ನ ಪ್ರಮಾಣವನ್ನು ಮೇಲಿಂದ ಮೇಲೆ ಸರಿಹೊಂದಿಸಬೇಕಾದ ಮಧುಮೇಹವಿದ್ದರೆ, ಅವರೇ ಸೂಕ್ತ. ಕಾಲಿನ ಸ್ಪರ್ಶಜ್ಞಾನ, ಕಣ್ಣಿನ ಪರದೆ, ಮೂತ್ರದಲ್ಲಿ ಸೋರುವ ಆಲ್ಬುಮಿನ್ ಎಂಬ ಪ್ರೋಟೀನು ಇವನ್ನು ವರ್ಷಕ್ಕೊಮ್ಮೆ ನೋಡಬೇಕೆಂಬುದು ಅವರಿಗೆ ನೆನಪಿಸಬೇಕಾದ ವಿಷಯವಲ್ಲ. ಹಲವು ಕಾಯಿಲೆಗಳು ಕಲೆತಿರುವವರಿಗೆ ಮಾತ್ರ ಈ ಒಲವೇ ತೊಡಕಾಗಬಹುದು. ಉಬ್ಬಸ ಹೃದಯದ್ದೋ, ಶ್ವಾಸಕೋಶದ್ದೋ, ರಕ್ತಹೀನತೆಯದ್ದೋ ಎಂದು ತೂಗಬೇಕಾದಾಗ ತಾನು ಹೆಚ್ಚು ಬಲ್ಲ ಅಂಗದ ಕಡೆಗೇ ಮೊದಲು ವಾಲುವುದು ಮನುಷ್ಯಸಹಜ. ವೃದ್ಧಾಪ್ಯದ ಆರೈಕೆಯಲ್ಲಿ ತರಬೇತಿ ಪಡೆದವರು ಇದಕ್ಕೆ ಹೊರತು; ಅವರ ಕಲಿಕೆಯೇ ಎಲ್ಲವನ್ನೂ ಕೂಡಿಸಿ ನೋಡುವುದು ಮತ್ತು ಸಾಧ್ಯವಾದ ಕಡೆ ಮಾತ್ರೆ ಕಳೆಯುವುದು.

ವಾರಕ್ಕೆ ಕೆಲವೇ ದಿನ ಬರುವವರು ಮತ್ತು ವೈದ್ಯರಲ್ಲದ ಆರೈಕೆದಾರರು

ಉಳಿದ ದಿನಗಳಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತ ವಾರಕ್ಕೆ ಎರಡು ಮೂರು ದಿನ ಕ್ಲಿನಿಕ್ಕಿಗೆ ಬರುವವರಿಂದ ಒಂದು ದೊಡ್ಡ ಅನುಕೂಲವಿದೆ: ನೀವು ಆ ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಒಳಗೂ ಹೊರಗೂ ನೋಡುವವರು ಒಬ್ಬರೇ ಆಗಿರುತ್ತಾರೆ. ಹೃದಯ ವೈಫಲ್ಯ, ಶ್ವಾಸಕೋಶದ ಹಳೆಯ ಕಾಯಿಲೆಗಳಿಂದ ವರ್ಷದಲ್ಲಿ ಒಂದೆರಡು ಸಲ ಆಸ್ಪತ್ರೆ ಸೇರುವವರಿಗೆ ಇದು ನಿರ್ಣಾಯಕ. ಹಾಗಿಲ್ಲದವರಿಗೆ ಅವರು ಸಿಗದ ದಿನಗಳ ತೊಂದರೆಯೇ ಹೆಚ್ಚು.

ಕೆಲವು ದೇಶಗಳಲ್ಲಿ ವಿಶೇಷ ತರಬೇತಿ ಪಡೆದ ನರ್ಸ್‌ಗಳೂ ಫಾಲೋ-ಅಪ್ ಭೇಟಿಗಳನ್ನು ನಡೆಸುತ್ತಾರೆ. ಪ್ರಾಥಮಿಕ ಆರೈಕೆಯಲ್ಲಿ ವೈದ್ಯರ ಬದಲು ನರ್ಸ್‌ಗಳು ನೋಡಿದಾಗ ಅನೇಕ ಕಾಯಿಲೆಗಳಲ್ಲಿ ಫಲಿತಾಂಶ ಬಹುಶಃ ಸಮಾನವಾಗಿ ಅಥವಾ ಉತ್ತಮವಾಗಿಯೇ ಇರುತ್ತದೆಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ 2018ರ ಸಮೀಕ್ಷೆ ಹೇಳುತ್ತದೆ. ಹಿಡಿತಕ್ಕೆ ಬಂದಿರುವ ರಕ್ತದೊತ್ತಡ, ಮಧುಮೇಹದ ನಿಯಮಿತ ಭೇಟಿಗಳಿಗೆ ಇದನ್ನು ಕಡಿಮೆ ದರ್ಜೆಯ ಆರೈಕೆ ಎಂದು ತಿಳಿಯಬೇಕಾಗಿಲ್ಲ. ಹೊಸ, ವಿವರಿಸಲಾಗದ ತೊಂದರೆಗೆ ಫಿಜಿಷಿಯನ್ನರೇ ಬೇಕು.

ಯಾರ ಅಗತ್ಯಕ್ಕೆ ಯಾರು?

ಆರೋಗ್ಯವಂತರಾಗಿದ್ದು ವರ್ಷಕ್ಕೊಮ್ಮೆ ತಪಾಸಣೆಗೆ ಬರುವವರಿಗೆ ಬೇಗ ಸಿಗುವವರೇ ಸಾಕು. ಕಿರಿಯರ ಬಳಿ ಹೆಸರು ಬರೆಸಿದರೆ ಮುಂದೆ ಕಾಯಿಲೆ ಬಂದಾಗ ಪರಿಚಯವೂ ಇರುತ್ತದೆ. ಒಂದೇ ಸ್ಥಿರವಾದ ಕಾಯಿಲೆಯವರಿಗೆ ನಡುಪ್ರಾಯದವರು ಅಥವಾ ಮುಂದುವರಿಯುವ ಖಚಿತತೆಯಿರುವ ಕಿರಿಯರು ಇಬ್ಬರೂ ಸರಿ.

ಐದು ಅಥವಾ ಅದಕ್ಕಿಂತ ಹೆಚ್ಚು ಔಷಧಿ ನಿತ್ಯ ಸೇವಿಸುವವರ ಮಾತು ಬೇರೆ, ಇವರ ವಿಷಯದಲ್ಲಿ ನಾನು ಹೆಚ್ಚು ಬಿಗಿ. ಮಂಡಿನೋವಿಗೆ ತಾವಾಗಿಯೇ ಕೊಂಡ ನೋವಿನ ಮಾತ್ರೆ, ರಕ್ತದೊತ್ತಡಕ್ಕೆಂದು ಬರೆದ ಎಸಿಇ ಇನ್ಹಿಬಿಟರ್ ಗುಂಪಿನ ಮಾತ್ರೆ, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ ಈ ಮೂರೂ ಒಟ್ಟಾದರೆ ಮೂತ್ರಪಿಂಡಕ್ಕೆ ಏಕಾಏಕಿ ಪೆಟ್ಟು ಬೀಳುವ ಅಪಾಯ ಹೆಚ್ಚುತ್ತದೆ. ಬೇರೆ ಬೇರೆ ತಜ್ಞರು ತಂತಮ್ಮ ಮಟ್ಟಿಗೆ ಸರಿಯಾಗಿಯೇ ಬರೆದ ಚೀಟಿಗಳು ಒಬ್ಬರ ಮೇಜಿನ ಮೇಲೆ ಒಟ್ಟಿಗೆ ಬಾರದಿದ್ದರೆ ಇಂತಹದು ಕಣ್ಣಿಗೆ ಬೀಳುವುದೇ ಇಲ್ಲ. ಇಂತಹವರು ದಿನವೂ ಸಿಗುವ ಒಬ್ಬರನ್ನು ಆರಿಸಿಕೊಂಡು, ಕ್ಲಿನಿಕ್ಕಿನೊಳಗೂ ಆ ಕಡೆ ಈ ಕಡೆ ಹೋಗದಿರುವುದು ಲೇಸು. ವೈದ್ಯರು ವರ್ಷಕ್ಕೊಮ್ಮೆಯಾದರೂ ಎಲ್ಲ ಮಾತ್ರೆಗಳನ್ನೂ ಮುಂದಿಟ್ಟುಕೊಂಡು ಯಾವುದು ಇನ್ನೂ ಬೇಕು, ಯಾವುದನ್ನು ನಿಲ್ಲಿಸಬಹುದು ಎಂದು ನೋಡುತ್ತಾರೆಯೇ ಎಂಬುದನ್ನು ಇವರು ಮೊದಲ ಮಾನದಂಡವಾಗಿಸಿಕೊಳ್ಳಲಿ.

ವಯಸ್ಸಾದ ತಂದೆತಾಯಿಯರನ್ನು ಕರೆದೊಯ್ಯುವ ಮಕ್ಕಳು ಗಮನಿಸಬೇಕಾದ್ದು ವೈದ್ಯರು ಯಾರ ಮುಖ ನೋಡಿ ಮಾತನಾಡುತ್ತಾರೆ ಎಂಬುದನ್ನು. ಹಿರಿಯರನ್ನು ಬಿಟ್ಟು ಮಕ್ಕಳೊಡನೆಯೇ ಎಲ್ಲ ತೀರ್ಮಾನಿಸುವವರ ಬಳಿ ಎಷ್ಟೋ ಲಕ್ಷಣಗಳು ಹೊರಗೇ ಬರುವುದಿಲ್ಲ. ಇನ್ನು ಮುಟ್ಟು, ಲೈಂಗಿಕ ಆರೋಗ್ಯ, ಮನಸ್ಸಿನ ಕುಗ್ಗುವಿಕೆ, ಕುಡಿತ ಇವನ್ನು ಹೇಳಿಕೊಳ್ಳಬೇಕಾದವರು ಮಹಿಳಾ ವೈದ್ಯರೋ ಪುರುಷ ವೈದ್ಯರೋ ಎಂಬುದನ್ನು ಯಾವ ಸಂಕೋಚವೂ ಇಲ್ಲದೆ ಮುಂದಿಟ್ಟು ಆರಿಸಬಹುದು. ಮುಚ್ಚಿಟ್ಟ ವಿಷಯಕ್ಕೆ ಎಂತಹ ಪರಿಣತರೂ ಮದ್ದು ಕೊಡಲಾರರು.

ಖರ್ಚಿನ ಲೆಕ್ಕ

ಒಂದೇ ಕ್ಲಿನಿಕ್ಕಿನಲ್ಲಿ ಹಿರಿಯರ ಶುಲ್ಕ ಕಿರಿಯರದಕ್ಕಿಂತ ಹೆಚ್ಚಿರುವುದುಂಟು. ಈ ವ್ಯತ್ಯಾಸವನ್ನಷ್ಟೇ ನೋಡಿ ಆರಿಸುವುದು ಎರಡೂ ದಿಕ್ಕಿನಲ್ಲಿ ತಪ್ಪು ಲೆಕ್ಕ. ದೀರ್ಘಕಾಲದ ಕಾಯಿಲೆಯಲ್ಲಿ ಭೇಟಿಯ ಶುಲ್ಕಕ್ಕಿಂತ ಪರೀಕ್ಷೆಗಳೂ ತಿಂಗಳು ತಿಂಗಳ ಔಷಧಿಯೂ ಸೇರಿ ಹೆಚ್ಚಾಗುವುದು ಸಾಮಾನ್ಯ, ಅವೆರಡನ್ನೂ ನಿರ್ಧರಿಸುವುದು ವೈದ್ಯರ ಲೇಖನಿ. ಆದ್ದರಿಂದ ವರ್ಷದಲ್ಲಿ ಎಷ್ಟು ಭೇಟಿ ಬೇಕಾದೀತು, ಯಾವ ಪರೀಕ್ಷೆ ಎಷ್ಟು ಸಲ, ಅದೇ ಗುಣದ ಜೆನೆರಿಕ್ ಔಷಧಿ ಬರೆಯುವ ಅಭ್ಯಾಸವಿದೆಯೇ, ಬೇರೆಡೆ ಮಾಡಿಸಿದ ಇತ್ತೀಚಿನ ರಿಪೋರ್ಟನ್ನು ಒಪ್ಪುತ್ತಾರೆಯೇ, ರಿಪೋರ್ಟು ತೋರಿಸಲು ಬಂದರೆ ಮತ್ತೆ ಪೂರ್ತಿ ಶುಲ್ಕವೇ ಎಂದು ಕೇಳಿ ಒಂದು ಹಾಳೆಯ ಮೇಲೆ ಬರೆದು ನೋಡಬೇಕು. ಹೆಚ್ಚು ಶುಲ್ಕ ಪಡೆದು ಎರಡು ಪರೀಕ್ಷೆ ತಪ್ಪಿಸುವವರು ಕಡಿಮೆ ಶುಲ್ಕದವರಿಗಿಂತ ಅಗ್ಗವಾಗಿ ಬೀಳಬಹುದು.

ವಿಮೆಯಿರುವವರು ಕ್ಲಿನಿಕ್ಕಿನ ಹೆಸರಷ್ಟೇ ಅಲ್ಲದೆ ಆಯಾ ವೈದ್ಯರ ಹೆಸರೂ ವಿಮೆಯ ಪಟ್ಟಿಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಕೆಲವು ಕ್ಲಿನಿಕ್ಕುಗಳು ವರ್ಷಕ್ಕೊಂದು ನಿಗದಿತ ಮೊತ್ತ ಪಡೆದು ದೀರ್ಘ ಭೇಟಿ, ಫೋನಿನಲ್ಲಿ ಸಲಹೆ, ಅದೇ ದಿನದ ಸರದಿ ಇವನ್ನು ಕೊಡುತ್ತವೆ. ತಿಂಗಳಿಗೊಮ್ಮೆಯಾದರೂ ವೈದ್ಯರು ಬೇಕಾಗುವವರಿಗೆ ಇದು ಲಾಭದಾಯಕವಾಗಬಹುದು. ವರ್ಷಕ್ಕೆ ಎರಡು ಸಲ ಬರುವವರು ಕೊಟ್ಟ ಹಣದ ಬಹುಪಾಲು ಬರಿಯ ನೆಮ್ಮದಿಗೆ ಸಲ್ಲುತ್ತದೆ. ಕೈ ಬಿಗಿಯಿರುವವರಿಗೆ ನಾನು ಹೇಳುವ ದಾರಿ ಇದು: ವರ್ಷಕ್ಕೊಮ್ಮೆ ಹಿರಿಯರ ಬಳಿ ಪೂರ್ಣ ಪರಿಶೀಲನೆ, ಉಳಿದ ಭೇಟಿಗಳೆಲ್ಲ ಒಬ್ಬರೇ ಕಿರಿಯರ ಬಳಿ, ಎರಡೂ ಒಂದೇ ಫೈಲಿನಲ್ಲಿ.

ಮೊದಲ ಭೇಟಿಯಲ್ಲಿ ನೋಡಬೇಕಾದ್ದು

ಸೇವಿಸುತ್ತಿರುವ ಎಲ್ಲ ಔಷಧಿಗಳನ್ನೂ, ಅಂಗಡಿಯಲ್ಲಿ ತಾವಾಗಿಯೇ ಕೊಂಡವು ಮತ್ತು ಮನೆಮದ್ದುಗಳನ್ನೂ ಸೇರಿಸಿ, ಡಬ್ಬಿ ಸಮೇತ ಕೊಂಡೊಯ್ಯಿರಿ. ಮುಖ್ಯ ತೊಂದರೆ ಎರಡು ಮೂರಕ್ಕಿಂತ ಹೆಚ್ಚಿದ್ದರೆ ಯಾವುದು ಮೊದಲು ಎಂದು ಬರೆದುಕೊಂಡು ಹೋಗಿ. ರಕ್ತದೊತ್ತಡದ ತೊಂದರೆಯಿರುವವರು ಮನೆಯಲ್ಲಿ ಒಂದು ವಾರ ಬೆಳಿಗ್ಗೆ ಸಂಜೆ ಅಳೆದ ಅಂಕಿಗಳನ್ನು ಒಯ್ದರೆ ಅದೊಂದು ಒಳ್ಳೆಯ ಪರೀಕ್ಷೆಯೂ ಆಗುತ್ತದೆ: ಕ್ಲಿನಿಕ್ಕಿನಲ್ಲಿ ಮಾತ್ರ ಏರುವ ಒತ್ತಡ ಅನೇಕರಲ್ಲಿರುವುದರಿಂದ, ಆ ಹಾಳೆಯನ್ನು ಗಮನವಿಟ್ಟು ಓದುವವರು ಮತ್ತು ಬದಿಗೆ ಸರಿಸಿ ಹೊಸ ಮಾತ್ರೆ ಬರೆಯುವವರು ಯಾರೆಂಬುದು ಅಲ್ಲಿಯೇ ಗೊತ್ತಾಗುತ್ತದೆ. ಹೊಸ ಮಾತ್ರೆ ಬರೆದರೆ ಅದು ಯಾವುದಕ್ಕೆ, ಎಷ್ಟು ಕಾಲ, ಬೇಡವೆಂದರೆ ಏನಾದೀತು ಎಂಬ ಮೂರು ಪ್ರಶ್ನೆ ಕೇಳಿ ನೋಡಿ. ಉತ್ತರದ ಉದ್ದಕ್ಕಿಂತ ಕೇಳಿದಾಗಿನ ಮುಖಭಾವವೇ ಹೆಚ್ಚು ತಿಳಿಸುತ್ತದೆ. ಒಂದೇ ಭೇಟಿಯಲ್ಲಿ ತೀರ್ಪು ಕೊಡದೆ, ಎರಡನೆಯ ಭೇಟಿಯಲ್ಲಿ ಮೊದಲ ಸಲ ಹೇಳಿದ್ದು ಅವರ ಬರಹದಲ್ಲಿ ಉಳಿದಿದೆಯೇ ಎಂದು ನೋಡುವವರೆಗೆ ಕಾಯಿರಿ.

ಬದಲಿಸಬೇಕೆನಿಸಿದರೆ ಚಿಕ್ಕ ಕ್ಲಿನಿಕ್ಕಿನಲ್ಲಿ ಮುಜುಗರ ಸಹಜ, ಪಕ್ಕದ ಕೊಠಡಿಗೆ ಹೋಗುವಾಗ ಹಳಬರು ಎದುರಾಗುತ್ತಾರೆ. ಹೆಸರು ಬರೆದುಕೊಳ್ಳುವ ಮೇಜಿನಲ್ಲಿರುವವರಿಗೆ "ಇನ್ನು ಮುಂದೆ ನನ್ನ ಫೈಲನ್ನು ಇವರ ಹೆಸರಿಗೆ ಮಾಡಿಕೊಡಿ" ಎಂದರೆ ಸಾಕು, ಕಾರಣ ಕೊಡಬೇಕಾದ್ದಿಲ್ಲ. ಇದನ್ನೇ ಸಹಿಸದ ಕ್ಲಿನಿಕ್ಕಾದರೆ ದಾಖಲೆಗಳ ಪ್ರತಿ ಪಡೆದು ಬೇರೆಡೆ ಹೋಗುವುದು ಸರಿ. ಬದಲಾವಣೆಗೆ ಆರಿಸಿಕೊಳ್ಳುವ ಹೊತ್ತು ಮಾತ್ರ ಮುಖ್ಯ: ಇನ್ಸುಲಿನ್, ಥೈರಾಯ್ಡ್ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್ ಇವುಗಳ ಪ್ರಮಾಣ ಹೊಂದಿಸುತ್ತಿರುವಾಗ, ಅಥವಾ ಮಾಡಿಸಿದ ಪರೀಕ್ಷೆಯ ಫಲಿತಾಂಶ ಇನ್ನೂ ಬಾರದಿರುವಾಗ ನಡುವೆ ಬಿಡಬೇಡಿ. ಆ ಸುತ್ತು ಮುಗಿದು ಅಂಕಿಗಳು ಒಂದು ಹದಕ್ಕೆ ಬಂದ ಮೇಲೆ, ಇದುವರೆಗಿನ ಚಿಕಿತ್ಸೆಯ ಸಾರಾಂಶವನ್ನು ಹಳಬರಿಂದಲೇ ಬರೆಸಿಕೊಂಡು ಹೊಸಬರ ಬಳಿಗೆ ಹೋಗಿ. ಔಷಧಿಯಿಂದ ಅಡ್ಡಪರಿಣಾಮವಾಗಿದೆಯೆಂದು ಹೇಳಿದರೂ ಕಿವಿಗೆ ಹಾಕಿಕೊಳ್ಳದ ಸಂದರ್ಭದಲ್ಲಿ ಮಾತ್ರ ಹೀಗೆ ಕಾಯಬೇಕಾಗಿಲ್ಲ, ಅದೇ ದಿನ ಇನ್ನೊಬ್ಬರನ್ನು ನೋಡಬಹುದು.